ಅಥ್ಲೆಟಿಕ್ ಟ್ರೇನರ್ ಆಗಲು ಜಿಮ್ ಸರ್ಟಿಫಿಕೇಟ್ ಸಾಕೇ?

ಪ್ರಶ್ನೆ: ಪಿಯುಸಿ ಸೈನ್ಸ್ ಮುಗಿದಿದೆ, ಕಬಡ್ಡಿ ಆಡತೀನಿ. ಮೂರು ತಿಂಗಳ ಜಿಮ್ ಟ್ರೇನರ್ ಕೋರ್ಸ್ ಮಾಡಿದರ ಅಥ್ಲೆಟಿಕ್ ಟ್ರೇನರ್ ಆಗಬಹುದಾ ಸರ್? (ಬಾಗಲಕೋಟೆಯಿಂದ)

ಆಗುವುದಿಲ್ಲ ತಮ್ಮಾ. ಎಷ್ಟೋ ಸಲ ಬರೆದಾಗಿದೆ, ಆದರೂ ಪ್ರತಿ ತಿಂಗಳೂ ಇದೇ ಪ್ರಶ್ನೆ ಬರುತ್ತದೆ.

ಆಟ ಕಲಿಸುವವರು ಕೋಚ್, ಮೈ ಕಟ್ಟಿಸುವವರು ಜಿಮ್ ಟ್ರೇನರ್. ಅಥ್ಲೆಟಿಕ್ ಟ್ರೇನರ್ ಆಟಗಾರರ ಗಾಯ, ಪೆಟ್ಟು ನೋಡಿಕೊಳ್ಳಲು ವೈದ್ಯರ ನಿರ್ದೇಶನದಲ್ಲಿ ದುಡಿಯುವ ಆರೋಗ್ಯ ವೃತ್ತಿಪರರು. ಅಮೆರಿಕದ ವೈದ್ಯಕೀಯ ಸಂಘ ಈ ವೃತ್ತಿಯನ್ನು 1990ರಲ್ಲೇ ಮಾನ್ಯ ಮಾಡಿತು. ಅಲ್ಲಿ ಈಗ ಸ್ನಾತಕೋತ್ತರ ಪದವಿ ಓದಿ, ಈ ವೃತ್ತಿಗೆ ಪ್ರಮಾಣಪತ್ರ ಕೊಡುವ ಬೋರ್ಡಿನ ಪರೀಕ್ಷೆ ಪಾಸಾಗಬೇಕು.

ರೇಡ್‌ಗೆ ಹೋದ ಹುಡುಗನ ಪಾದ ಉಳುಕಿತು ಅನ್ನಿ. ಸುತ್ತಲಿದ್ದವರು ಎಣ್ಣೆ ಹಚ್ಚಿ ತಿಕ್ಕಿ, ಎಳೆದು, ‘ನಾಲ್ಕು ಹೆಜ್ಜೆ ಓಡು, ಸರಿಹೋಗತೈತಿ’ ಅನ್ನುತ್ತಾರೆ. ತಿಕ್ಕಿದಷ್ಟೂ ಬಾವು ಏರುತ್ತದೆ. ಎಲುಬು ಬಿರಿದಿದ್ದರೆ ಜರುಗಲೂಬಹುದು. ತರಬೇತಾದವರು ಮೊದಲು ಪಾದದ ಕೀಲಿನ ಎರಡೂ ಬದಿಯ ಉಬ್ಬೆಲುಬಿನ ಹಿಂದಿನ ಅಂಚನ್ನು ತುದಿಯಿಂದ ಆರು ಸೆಂಟಿಮೀಟರ್ ಮೇಲಿನವರೆಗೆ ಒತ್ತಿ ನೋಡುತ್ತಾರೆ. ಅಲ್ಲಿ ನೋವಿದ್ದರೆ ಅಥವಾ ತಾನಾಗಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್-ರೇ ಬೇಕು. ತಲೆಗೆ ಪೆಟ್ಟು ಬಿದ್ದು ಮಂಕು ಕವಿದರೆ ಆ ದಿನ ಮತ್ತೆ ಅಂಗಣಕ್ಕಿಳಿಸುವ ಮಾತೇ ಇಲ್ಲ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಸೈಕಲ್ ಹೊಡೆಯುವವನು ತಡಬಡ ಮಾತಾಡುತ್ತಿದ್ದು, ದೇಹದೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವತನಕ ಕಾಯದೆ ಐಸ್ ನೀರಿನ ತೊಟ್ಟಿಗೆ ಇಳಿಸಬೇಕು. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಇಂಥ ತೀರ್ಮಾನ ಡಂಬೆಲ್ ಎಣಿಸಿದ್ದರಿಂದ ಬರುವುದಿಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಹತ್ತಿರದ ದಾರಿ ಫಿಸಿಯೋಥೆರಪಿ. ನಿಮ್ಮ ಪಿಯುಸಿಯಲ್ಲಿ ಬಯಾಲಜಿ ಇದ್ದರೆ ಬಿಪಿಟಿ (ಫಿಸಿಯೋಥೆರಪಿ ಪದವಿ) ಸೇರಿ, ಆಮೇಲೆ ಎರಡು ವರ್ಷ ಸ್ಪೋರ್ಟ್ಸ್ ಎಂಪಿಟಿ (ಅದರ ಸ್ನಾತಕೋತ್ತರ ಪದವಿ) ಮಾಡಿ. ಬೆಳಗಾವಿಯಲ್ಲೇ ಕಾಲೇಜಿದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್ಐಎಸ್) ಡಿಪ್ಲೊಮಾ ಕೋಚ್‌ಗಳಿಗೆ, ಅದು ಬೇರೆ.

ತಾಲೀಮಿನ (ಕುಸ್ತಿ ಗರಡಿಯ) ಹುಡುಗರಿಗೂ ಒಂದು ಮಾತು ಹೇಳಲೇಬೇಕು. ಕಿವಿ ಮುದುಡಿದರೆ ಪೈಲ್ವಾನನಿಗೆ ಭೂಷಣ ಅನ್ನುವವರಿದ್ದಾರೆ. ಪೆಟ್ಟು ಬಿದ್ದಾಗ ಕಿವಿಯ ಮೆದು ಎಲುಬಿಗೂ ಅದರ ಪೊರೆಗೂ ನಡುವೆ ರಕ್ತ ತುಂಬುತ್ತದೆ. ಎಲುಬಿಗೆ ಪೋಷಣೆ ಸಿಗುವುದು ಆ ಪೊರೆಯಿಂದಲೇ. ಅದು ಬಿಟ್ಟುಕೊಂಡರೆ ಎಲುಬು ಸತ್ತು ಗಂಟುಗಟ್ಟುತ್ತದೆ. ಬಾವು ಮೆತ್ತಗಿರುವಾಗಲೇ, ಸಾಧ್ಯವಾದರೆ ಮರುದಿನವೇ, ಕಿವಿ ಡಾಕ್ಟರ ಹತ್ತಿರ ರಕ್ತ ತೆಗೆಸಿ ಒತ್ತುಪಟ್ಟಿ ಹಾಕಿಸಿಕೊಳ್ಳಿ. ಪಟ್ಟಿ ಇಲ್ಲದಿದ್ದರೆ ರಕ್ತ ಮತ್ತೆ ತುಂಬುತ್ತದೆ. ತಾಲೀಮಿನಲ್ಲೇ ಸೂಜಿ ಚುಚ್ಚಿಸಿಕೊಳ್ಳಬೇಡಿ. ಕೀವಾದರೆ ಕಿವಿಯ ಆಕಾರವೇ ಕೆಡುತ್ತದೆ. ಡಾಕ್ಟರು ಹೇಳುವತನಕ ಮಣ್ಣಿಗಿಳಿಯಬೇಡಿ, ವಸ್ತಾದರು ಕರೆದರೂ.