ಫ್ಲ್ಯಾಟ್ ಕೊಳ್ಳುವಾಗಿನ ತೆರಿಗೆ: ಶೇಕಡಾ ಸರಿ, ಆದರೆ ಯಾವ ಮೊತ್ತದ ಮೇಲೆ?

ಬೆಂಗಳೂರಿನಲ್ಲಿ ಒಂದು ಹಳೇ ಫ್ಲ್ಯಾಟು 80 ಲಕ್ಷಕ್ಕೆ ಮಾತಾಗಿದೆ ಅಂದುಕೊಳ್ಳಿ. ಮಾರ್ಗಸೂಚಿ ದರದಲ್ಲಿ (ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಕನಿಷ್ಠ ಬೆಲೆ) ಅದೇ ಫ್ಲ್ಯಾಟು 84 ಲಕ್ಷ ಬಾಳುತ್ತೆ. ಮೊದಲ ಸಲ ಈ ಲೆಕ್ಕಕ್ಕೆ ಕೂತಾಗ ನಾನು ಸುಮ್ನೆ 80ರ ಮೇಲೆ ಹಾಕಿಬಿಟ್ಟಿದ್ದೆ. ತಪ್ಪು. ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಹಿಡಿಯುತ್ತಾರೆ.

ಸ್ಟ್ಯಾಂಪ್ ಡ್ಯೂಟಿ ಶೇ 5, ಅಂದ್ರೆ 4,20,000. ಇದರ ಮೇಲೆ ಶೇ 10 ಸೆಸ್ಸು 42,000, ನಗರವಾದರೆ ಶೇ 2 ಸರ್‌ಚಾರ್ಜು 8,400 (ಹಳ್ಳಿ ಕಡೆ ಶೇ 3). ಇಲ್ಲಿ ಎಡವಬೇಡಿ: ಸೆಸ್ಸು, ಸರ್‌ಚಾರ್ಜು ಎರಡೂ ಡ್ಯೂಟಿಯ ಮೇಲೆ, ಮನೆ ಬೆಲೆಯ ಮೇಲಲ್ಲ. ನೋಂದಣಿ ಶುಲ್ಕ ಮಾತ್ರ ಮತ್ತೆ ಪೂರ್ತಿ 84 ಲಕ್ಷದ ಮೇಲೆ. ಅದು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಹಾಗಾಗಿ ಹಳೇ ಟಿಪ್ಪಣಿಗಳಲ್ಲಿ ಒಟ್ಟು ಶೇ 6.6 ಅಂತ ಕಂಡರೆ ಹೊಡೆದುಹಾಕಿ ಶೇ 7.6 ಅಂತ ಬರೆದುಕೊಳ್ಳಿ. ನೋಂದಣಿ 1,68,000 ಸೇರಿ ಒಟ್ಟು 6,38,400. ಬ್ಯಾಂಕಿನ ಸಾಲ ಸಾಮಾನ್ಯವಾಗಿ ಇದಕ್ಕೆ ಸಿಗಲ್ಲ, ಕೈಯಿಂದಲೇ ಹೊಂದಿಸಬೇಕು. 45 ಲಕ್ಷದವರೆಗಿನ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಡ್ಯೂಟಿ ಕಡಿಮೆ ಇದೆ.

ಜಿಎಸ್‌ಟಿ? ಹಳೇ ಫ್ಲ್ಯಾಟಿಗೆ ಇಲ್ಲ, ಸೈಟಿಗೂ ಇಲ್ಲ. ಕಟ್ಟುತ್ತಿರುವ ಫ್ಲ್ಯಾಟಿಗೆ 2019ರ ಏಪ್ರಿಲ್‌ನಿಂದ ಶೇ 5. ನಿಜಕ್ಕೂ ದರ ಶೇ 7.5, ಮೂರರಲ್ಲೊಂದು ಪಾಲನ್ನು ಜಮೀನಿನ ಬೆಲೆ ಅಂತ ಬಿಟ್ಟು ಹಾಕೋದರಿಂದ 5ಕ್ಕೆ ಇಳಿಯುತ್ತೆ. ಅಗ್ಗದ ಮನೆಗಳಿಗೆ ಶೇ 1. ಓಸಿ (ಕಟ್ಟಡ ಮುಗಿದು ವಾಸಕ್ಕೆ ಸಿದ್ಧ ಅನ್ನುವ ಸರ್ಟಿಫಿಕೇಟ್) ಬಂದ ಮೇಲೆ ಕೊಂಡರೆ ಸೊನ್ನೆ, ಅದಕ್ಕೇ ಬಿಲ್ಡರ್ ಹತ್ತಿರ ಮೊದಲು ಕೇಳಬೇಕಾದ ಪ್ರಶ್ನೆ ಓಸಿದೇ ಅಲ್ವಾ?

ಬೆಲೆಯನ್ನು ಕಡಿಮೆ ತೋರಿಸೋಣ ಅನ್ನುವವರು ಇದ್ದೇ ಇರುತ್ತಾರೆ. ಡ್ಯೂಟಿ ಹೇಗೂ 84ರ ಮೇಲೇ ಬೀಳುತ್ತೆ, ಉಳಿಯೋದೇನು? ಕ್ರಯಪತ್ರದಲ್ಲಿ 70 ಲಕ್ಷ ಅಂತ ಬರೆಸಿದರೆ ವ್ಯತ್ಯಾಸ 14 ಲಕ್ಷ. ಅದು ಬರೆಸಿದ ಬೆಲೆಯ ಶೇ 10, ಅಂದ್ರೆ 7 ಲಕ್ಷ ದಾಟಿತು, ಹಾಗಾಗಿ ಪೂರ್ತಿ 14 ಲಕ್ಷವೂ ಕೊಂಡವರ ಆದಾಯ ಅಂತ ಸೇರಿಕೊಂಡು ಅದಕ್ಕೆ ಆದಾಯ ತೆರಿಗೆ ಬೀಳುತ್ತೆ. ನಮ್ಮ 80 ಲಕ್ಷದ ಫ್ಲ್ಯಾಟಿಗೆ ಆ ಭಯವಿಲ್ಲ, 4 ಲಕ್ಷ ಮಿತಿಯೊಳಗೇ ಇದೆ.

ಕೊನೆಯದು ಟಿಡಿಎಸ್, ಅಂದ್ರೆ ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಹಿಡಿದು ಕಟ್ಟಬೇಕು, ಇಲ್ಲೂ 84ರ ಮೇಲೇ. ಇದು ನಿಮ್ಮ ಖರ್ಚಲ್ಲ, ಮಾರುವವರ ದುಡ್ಡು. ಅವರಿಗೆ 79,16,000 ಕೊಟ್ಟು, ಉಳಿದ 84,000 ಅವರ ಪ್ಯಾನ್ ಹೆಸರಲ್ಲಿ ಕಟ್ಟಿ ಸರ್ಟಿಫಿಕೇಟ್ ಕೊಡಬೇಕು. ಹಿಡಿದ ತಿಂಗಳು ಮುಗಿದ ಮೇಲೆ 30 ದಿನ ಟೈಮಿದೆ, ಮರೆತರೆ ಬಡ್ಡಿ, ಲೇಟ್ ಫೀ ಎರಡೂ ನಿಮ್ಮ ತಲೆಗೆ. ಮಾರುವವರು ಅನಿವಾಸಿ ಭಾರತೀಯರಾಗಿದ್ದರೆ ಈ ಶೇ 1 ನಡೆಯಲ್ಲ, ಜಾಸ್ತಿ ಹಿಡಿಯಬೇಕಾಗುತ್ತೆ, ಅಡ್ವಾನ್ಸ್ ಕೊಡೋಕೆ ಮುಂಚೆಯೇ ಆಡಿಟರ್ ಹತ್ತಿರ ಹೋಗಿ.