ಹಾಡಿಗೆ ಹತ್ತಿದ ಕಲ್ಲಿದ್ದಲ ದೂಳು

ಬ್ಯಾಂಜೋ, ಫಿಡಲ್, ಮ್ಯಾಂಡೊಲಿನ್, ಗಿಟಾರ್, ಆಳೆತ್ತರದ ಬೇಸ್. ಈ ಐದೂ ಒಂದನ್ನೊಂದು ಅಟ್ಟಿಸಿಕೊಂಡು ಓಡಿದರೆ ಅದು ಬ್ಲೂಗ್ರಾಸ್, ಅಮೆರಿಕದ ಬೆಟ್ಟಸೀಮೆಯ ಸಂಗೀತ. ವಾದ್ಯವಿಲ್ಲದ ಬ್ಲೂಗ್ರಾಸ್ ಎಂದರೆ ಒಗ್ಗರಣೆಯಿಲ್ಲದ ಸಾರಿನಂತೆ. ಆದರೆ ಈ ಸಂಗೀತದ ದೊಡ್ಡ ಗಾಯಕಿಯರಲ್ಲಿ ಒಬ್ಬರಾದ ಹೇಜಲ್ ಡಿಕನ್ಸ್, ತಾವೇ ಬರೆದ ‘ಬ್ಲ್ಯಾಕ್ ಲಂಗ್’ (ಕಪ್ಪು ಶ್ವಾಸಕೋಶ) ಹಾಡನ್ನು ಬರಿಗಂಟಲಲ್ಲಿ ಹಾಡಿದರು. ಗಣಿಯ ದೂಳು ಕುಡಿದು, ಉಸಿರು ಸಿಗದೆ ಸತ್ತ ಅಣ್ಣ ಥರ್ಮನ್‌ನ ಹಾಡು ಅದು.

ಆ ಬರಿಗಂಟಲು ಚರ್ಚಿನಿಂದ ಬಂದದ್ದು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮರ್ಸರ್ ಕೌಂಟಿಯ ಗಣಿ ಸೀಮೆಯಲ್ಲಿ ಹುಟ್ಟಿದ ಹೇಜಲ್, ಹನ್ನೊಂದು ಮಕ್ಕಳಲ್ಲಿ ಎಂಟನೆಯವರು. ಅಪ್ಪ ಗಣಿಗಳಿಗೆ ಮರದ ದಿಮ್ಮಿ ಸಾಗಿಸುತ್ತಿದ್ದರು. ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಥದ ಬೋಧಕರೂ ಹೌದು. ಆ ಪಂಥದವರು ಪ್ರಾರ್ಥನೆಯಲ್ಲಿ ವಾದ್ಯ ಮುಟ್ಟುವುದಿಲ್ಲ. ಮನೆಯಲ್ಲಿ ಮಾತ್ರ ಅಪ್ಪನ ಬ್ಯಾಂಜೋ ಇತ್ತು.

1950ರ ದಶಕದಲ್ಲಿ, ಹೊಟ್ಟೆಪಾಡಿಗೆ ಬೆಟ್ಟ ಇಳಿದ ಸಾವಿರಾರು ಜನರ ಜೊತೆ ಹೇಜಲ್ ಕೂಡ ಬಾಲ್ಟಿಮೋರ್ ನಗರ ಸೇರಿ ಕಾರ್ಖಾನೆಯ ಕೆಲಸ ಹಿಡಿದರು. ಅಲ್ಲಿ ಕ್ಷಯರೋಗದಿಂದ ಆಸ್ಪತ್ರೆ ಸೇರಿದ್ದ ಇನ್ನೊಬ್ಬ ಸೋದರನ ಮೂಲಕ ಮೈಕ್ ಸೀಗರ್ ಪರಿಚಯವಾದರು. ಸೈನ್ಯಕ್ಕೆ ಸೇರಲೊಪ್ಪದೆ, ಅದರ ಬದಲಿಗೆ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಜಾನಪದ ಸಂಗೀತಗಾರ ಆತ. ಅದೇ ಬಳಗದಲ್ಲಿ ಸಿಕ್ಕವರು ಕಾಲೇಜು ಓದಿದ ಆಲಿಸ್ ಜೆರಾರ್ಡ್.

ಬ್ಲೂಗ್ರಾಸ್ ಆಗ ಗಂಡಸರ ಜಗಲಿ. ಕೆಂಟಕಿಯ ಬಿಲ್ ಮನ್ರೋ ಕಟ್ಟಿದ ತಂಡದ ಹೆಸರೇ ‘ಬ್ಲೂ ಗ್ರಾಸ್ ಬಾಯ್ಸ್’. 1945ರ ಡಿಸೆಂಬರಿನಲ್ಲಿ ಅರ್ಲ್ ಸ್ಕ್ರಗ್ಸ್ ತಮ್ಮ ಮೂರು ಬೆರಳಿನ ಬ್ಯಾಂಜೋ ಹಿಡಿದು ಆ ತಂಡಕ್ಕೆ ಬಂದ ಮೇಲೆ ಈ ಸಂಗೀತಕ್ಕೆ ಈಗಿನ ರೂಪ ಬಂತು. ಕಿವಿಗೆ ಇರಿಯುವ ಏರುದನಿ ಮನ್ರೋ ಅವರ ಗುರುತು. 1965ರಲ್ಲಿ ಫೋಕ್‌ವೇಸ್ ಕಂಪನಿ ಹೇಜಲ್ ಮತ್ತು ಆಲಿಸ್ ಅವರ ಮೊದಲ ಧ್ವನಿಮುದ್ರಿಕೆ ತಂದಾಗ ಆ ಏರುದನಿ ಹೆಂಗಸೊಬ್ಬಳ ಗಂಟಲಲ್ಲಿತ್ತು. ನಯವಾದ ದನಿಯಲ್ಲ ಅದು. ಮೊದಲ ಸಲ ಕೇಳಿದವರಿಗೆ ಒರಟೆನಿಸಿದರೆ ಆಶ್ಚರ್ಯವಿಲ್ಲ, ನನಗೂ ಎನಿಸಿತ್ತು.

ಹಾಡು ಪ್ರತಿಭಟನೆಯ ಕಡೆ ಹೊರಳಿದ್ದು ಇದಾದ ಮೇಲೆ. ಅದಕ್ಕೆ ಗಣಿಯ ಕಥೆ ಸ್ವಲ್ಪ ಹೇಳಬೇಕು. ಕಲ್ಲಿದ್ದಲ ದೂಳು ಶ್ವಾಸಕೋಶವನ್ನು ಕೆಡಿಸುತ್ತದೆಂದು ಬ್ರಿಟನ್ 1943ರಲ್ಲೇ ಒಪ್ಪಿ ಪರಿಹಾರಕ್ಕೆ ದಾರಿ ಮಾಡಿತ್ತು. ಅಮೆರಿಕದ ಕಂಪನಿ ವೈದ್ಯರು ಮಾತ್ರ ಅದನ್ನು ‘ಗಣಿಗಾರರ ಆಸ್ತಮಾ’ ಎಂದು ಹೇಳಿ ಕಳಿಸುತ್ತಿದ್ದರು. 1968ರ ನವೆಂಬರ್ 20ರಂದು ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್ ಗಣಿ ಸ್ಫೋಟಿಸಿ 78 ಜನ ಸತ್ತರು. ಗಣಿಕಾರ್ಮಿಕರ ಸಂಘದ ಅಧ್ಯಕ್ಷ ಟೋನಿ ಬಾಯ್ಲ್ ಅಲ್ಲಿಗೆ ಬಂದು ಕಂಪನಿಯನ್ನು ಹೊಗಳಿದರು! ಕೆಲಸಗಾರರು ಸಂಘವನ್ನು ನೆಚ್ಚಿ ಕೂರಲಿಲ್ಲ. 1969ರ ಫೆಬ್ರುವರಿಯಲ್ಲಿ ಸುಮಾರು 40,000 ಮಂದಿ ಗಣಿಗಿಳಿಯಲು ನಿರಾಕರಿಸಿದರು. ರಾಜ್ಯ ಪರಿಹಾರದ ಕಾನೂನು ಮಾಡುವವರೆಗೆ ಪಟ್ಟು ಬಿಡಲಿಲ್ಲ. ವರ್ಷದ ಕೊನೆಗೆ ಕೇಂದ್ರದ ಕಾಯ್ದೆಯೂ ಬಂತು. ಗಾಳಿಯ ದೂಳು ಘನ ಮೀಟರಿಗೆ 3 ಮಿಲಿಗ್ರಾಂ ಮೀರಬಾರದು, 1972ರ ಕೊನೆಗೆ ಅದು 2ಕ್ಕೆ ಇಳಿಯಬೇಕು ಎಂಬುದು ಅದರ ಕಟ್ಟಳೆ. ಬಾಯ್ಲ್ ವಿರುದ್ಧ ಸಂಘದ ಚುನಾವಣೆಗೆ ನಿಂತಿದ್ದ ಜಾಕ್ ಯಬ್ಲಾನ್ಸ್ಕಿ, ಅವರ ಹೆಂಡತಿ ಮತ್ತು ಮಗಳನ್ನು ಅದೇ ಡಿಸೆಂಬರ್ 31ರ ರಾತ್ರಿ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಕೊಲ್ಲಿಸಿದ ಅಪರಾಧ ಮುಂದೆ ಬಾಯ್ಲ್ ಮೇಲೆ ಸಾಬೀತಾಯಿತು.

ಹೇಜಲ್ ಇದೆಲ್ಲವನ್ನೂ ಹಾಡಾಗಿಸಿದರು: ಫಾರ್ಮಿಂಗ್ಟನ್ ದುರಂತ, ಯಬ್ಲಾನ್ಸ್ಕಿ ಕೊಲೆ, ಅಣ್ಣನ ಸಾವು. ಬ್ಲೂಗ್ರಾಸ್ ಹಾಡುಗಳಲ್ಲಿ ಬೆಟ್ಟದ ಮನೆ, ಅಮ್ಮ, ಬಿಟ್ಟುಬಂದ ಊರು ಯಾವಾಗಲೂ ಇದ್ದವು. ಊರು ಬಿಡುವಂತೆ ಮಾಡಿದ್ದು ಯಾರು ಎಂಬ ಪ್ರಶ್ನೆ ಅಪರೂಪ. ಅದನ್ನು ಕೇಳುವ ಧೈರ್ಯಕ್ಕೆ ದಕ್ಷಿಣದ ರಾಜ್ಯಗಳ ಸುತ್ತಾಟವೂ ಕಾರಣವಿರಬೇಕು. ಆ್ಯನ್ ರೊಮೇನ್ ಮತ್ತು ಬರ್ನಿಸ್ ಜಾನ್ಸನ್ ರೀಗನ್ 1966ರಲ್ಲಿ ಶುರುಮಾಡಿದ ಪ್ರವಾಸಗಳಲ್ಲಿ ಬಿಳಿಯರೂ ಕಪ್ಪುಜನರೂ ಒಂದೇ ವೇದಿಕೆ ಹತ್ತುತ್ತಿದ್ದರು. ಹೇಜಲ್, ಆಲಿಸ್ ಇಬ್ಬರೂ ಅವರೊಡನೆ ಊರೂರು ತಿರುಗಿದರು.

1973ರ ‘ಹೇಜಲ್ ಅಂಡ್ ಆಲಿಸ್’ ಮುದ್ರಿಕೆ ಬಂದ ಕೆಲವೇ ವರ್ಷಗಳಲ್ಲಿ ಜೋಡಿ ಬೇರೆಯಾಯಿತು. ಆದರೂ ಆ ಮುದ್ರಿಕೆ ಕೆಲಸ ಮಾಡುತ್ತಲೇ ಇತ್ತು: ಅದನ್ನು ಕೇಳಿ ಹಾಡಲು ಹೊರಟ ತಾಯಿ ಮಗಳು ನವೋಮಿ ಮತ್ತು ವೈನೋನಾ ಜಡ್ ಮುಂದೆ ಕಂಟ್ರಿ ಸಂಗೀತದ ತಾರೆಯರಾದರು. ಕೆಂಟಕಿಯ ಬ್ರೂಕ್‌ಸೈಡ್ ಗಣಿ ಮುಷ್ಕರವನ್ನು ಬಾರ್ಬರಾ ಕಾಪಲ್ ಚಿತ್ರೀಕರಿಸಿದ ‘ಹಾರ್ಲನ್ ಕೌಂಟಿ ಯುಎಸ್‌ಎ’ (1976) ಸಾಕ್ಷ್ಯಚಿತ್ರದಲ್ಲಿ ಹೇಜಲ್ ದನಿಯಿದೆ. ಅದಕ್ಕೆ ಆಸ್ಕರ್ ಬಂತು. 2001ರಲ್ಲಿ ಹೇಜಲ್ ಅವರಿಗೆ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಿಕ್ಕಿತು. ಬ್ಲೂಗ್ರಾಸ್ ಹಾಲ್ ಆಫ್ ಫೇಮ್‌ಗೆ ಇಬ್ಬರ ಹೆಸರು ಸೇರಿದ್ದು 2017ರಲ್ಲಿ, ಹೇಜಲ್ ತೀರಿಹೋದ ಆರು ವರ್ಷಕ್ಕೆ.

ಅವರು ತೀರಿಕೊಂಡದ್ದು 2011ರ ಏಪ್ರಿಲ್ 22ರಂದು, ವಾಷಿಂಗ್ಟನ್‌ನಲ್ಲಿ. ಹಿಂದಿನ ವರ್ಷ ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿ ಸ್ಫೋಟಿಸಿ 29 ಜನ ಸತ್ತಿದ್ದರು. ಅದರ ತನಿಖಾ ವರದಿ ಹೇಜಲ್ ತೀರಿಕೊಂಡ ಮರುತಿಂಗಳು, ಮೇನಲ್ಲಿ ಹೊರಬಂತು. ಪರೀಕ್ಷೆಗೆ ಸಾಕಾಗುವಷ್ಟು ಶ್ವಾಸಕೋಶ ಉಳಿದಿದ್ದದ್ದು 24 ಶವಗಳಲ್ಲಿ. ಅವುಗಳಲ್ಲಿ 17ರಲ್ಲಿ ಥರ್ಮನ್‌ನನ್ನು ಕೊಂದ ಅದೇ ರೋಗವಿತ್ತು. ಆ ಹದಿನೇಳು ಮಂದಿಯಲ್ಲಿ ಎಲ್ಲರಿಗಿಂತ ಕಿರಿಯವನಿಗೆ 25 ವರ್ಷ.