ಡೀಸೆಲ್ ಫಿಲ್ಟರ್ ಇರುವಾಗ ವಾಟರ್ ಸೆಪರೇಟರ್ ಯಾಕೆ? ಬಟ್ಟೆಯಲ್ಲಿ ಸೋಸಿದರೆ ಸಾಲದಾ?

ಪ್ರಶ್ನೆ: ಸರ್, ನಮ್ಮ ಟ್ರ್ಯಾಕ್ಟರಿಗೆ ಎರಡು ಡೀಸೆಲ್ ಫಿಲ್ಟರ್ ಇವೆ. ಡೀಸೆಲ್ ಬಟ್ಟೆಯಲ್ಲಿ ಸೋಸಿಯೇ ಹಾಕ್ತೀವಿ. ಆದ್ರೂ ಮೆಕ್ಯಾನಿಕ್ ವಾಟರ್ ಸೆಪರೇಟರ್ ಬೇರೆ ಹಾಕಿಸಿ ಅಂತಾರೆ. ಎರಡಕ್ಕೂ ಏನು ವ್ಯತ್ಯಾಸ? ಮನೆಯಲ್ಲೇ ಹೋಲಿಸಿ ನೋಡೋಕೆ ಆಗುತ್ತಾ?

ಉತ್ತರ: ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಟ್ರ್ಯಾಕ್ಟರ್ ಇದ್ದ ಜಾಗದಲ್ಲಿ ಒಮ್ಮೆ ಟಿಲ್ಲರ್ ಇರುತ್ತದೆ, ಒಮ್ಮೆ ಪಿಕಪ್, ಒಮ್ಮೆ ಜನರೇಟರ್. "ಬಟ್ಟೆಯಲ್ಲಿ ಸೋಸಿಯೇ ಹಾಕ್ತೀವಿ" ಅನ್ನುವ ಮಾತು ಮಾತ್ರ ಬದಲಾಗುವುದೇ ಇಲ್ಲ. ಎಷ್ಟು ಸಲ ಹೇಳಿದರೂ ಆ ಬಟ್ಟೆ ಇನ್ನೂ ಆಲಿಕೆಯ ಮೇಲೇ ಇದೆ. ಇರಲಿ, ಇನ್ನೊಮ್ಮೆ ಹೇಳುತ್ತೇನೆ.

ಮೊದಲು ವ್ಯತ್ಯಾಸ. ಫಿಲ್ಟರ್ ಇರುವುದು ಕಸ ಹಿಡಿಯುವುದಕ್ಕೆ: ಧೂಳು, ತುಕ್ಕಿನ ಪುಡಿ, ನೂಲಿನ ಎಳೆ. ಸೆಪರೇಟರ್ ಇರುವುದು ಡೀಸೆಲ್ಲಿನಿಂದ ನೀರನ್ನು ಬೇರೆ ಮಾಡಿ ಒಂದು ಕಡೆ ಕೂರಿಸುವುದಕ್ಕೆ. ಕೆಲವು ಗಾಡಿಗಳಲ್ಲಿ ಎರಡೂ ಒಂದೇ ಡಬ್ಬಿಯೊಳಗೆ ಇರುತ್ತವೆ. ಹಾಗಾಗಿ ಹೊಸದು ತರುವ ಮುಂಚೆ ನಿಮ್ಮ ಫಿಲ್ಟರಿನ ಅಡಿಗೆ ಬಗ್ಗಿ ನೋಡಿ. ತಳದಲ್ಲಿ ಕೈಯಲ್ಲಿ ತಿರುಗಿಸುವ ಡ್ರೈನ್ ನಟ್, ಇಲ್ಲವೇ ನೀರು ಕಾಣುವಂಥ ಪಾರದರ್ಶಕ ಬಟ್ಟಲು ಇದ್ದರೆ ನೀರು ಹಿಡಿಯುವ ಏರ್ಪಾಡು ಅಲ್ಲೇ ಇರಬಹುದು. ಗಾಡಿಯ ಪುಸ್ತಕ ತೆಗೆದರೆ ಖಚಿತವಾಗಿ ಗೊತ್ತಾಗುತ್ತದೆ. ಅದನ್ನು ಬಳಸದೆ ಇನ್ನೊಂದು ಹಾಕಿಸುವುದು ದುಡ್ಡು ದಂಡ.

ಈಗ ಆ ಬಟ್ಟೆಯ ವಿಷಯಕ್ಕೆ ಬರೋಣ.

ಬಟ್ಟೆಯಲ್ಲಿ ಸೋಸಿದರೆ ನೀರು ನಿಲ್ಲುತ್ತದೆ ಅಂತ ಜನ ಸುಮ್ನೆ ನಂಬಿಲ್ಲ. ಕಣ್ಣಾರೆ ನೋಡಿದ್ದಾರೆ. ಪಂಚೆ ಮೊದಲು ಡೀಸೆಲ್ಲಿನಲ್ಲಿ ನೆನೆದಿದ್ದರೆ, ಮೇಲೆ ಬಿದ್ದ ನೀರಿನ ದೊಡ್ಡ ಹನಿ ಗುಂಡಗೆ ನಿಂತುಬಿಡುತ್ತದೆ. ಡೀಸೆಲ್ ಇಳಿದುಹೋಗುತ್ತದೆ, ನೀರು ಬಟ್ಟೆಯ ಮೇಲೆ ಕುಣಿಯುತ್ತಿರುತ್ತದೆ. "ನೋಡಿ, ನಿಂತಿತಲ್ಲ!" ಅನ್ನುತ್ತಾರೆ. ನಿಂತದ್ದು ನಿಜ. ಕಣ್ಣಿಗೆ ಕಾಣುವಷ್ಟು ದೊಡ್ಡದಾದ ನೀರು ಮಾತ್ರ ನಿಂತಿತು, ಅಷ್ಟೇ.

ಎಂಜಿನ್ನಿಗೆ ಕಾಟ ಕೊಡುವ ನೀರು ಅದೊಂದೇ ಅಲ್ಲ. ಕ್ಯಾನು ಪಿಕಪ್ಪಿನ ಹಿಂದೆ ಕುಲುಕಿಕೊಂಡು ಬರುವಾಗ, ಬ್ಯಾರಲ್ಲಿನಿಂದ ಪಂಪ್ ಹಾಕಿ ಎಳೆಯುವಾಗ ನೀರು ಒಡೆದು ಸಣ್ಣ ಸಣ್ಣ ಹನಿಯಾಗುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಈ ಹನಿಗಳಲ್ಲಿ ಹತ್ತಿಪ್ಪತ್ತು ಮೈಕ್ರಾನಿನವೂ ಇರುತ್ತವೆ. ಹಳೆ ಪಂಚೆಯ ನೂಲುಗಳ ಸಂದಿನಲ್ಲಿ ಅವು ಡೀಸೆಲ್ ಜೊತೆ ಆರಾಮಾಗಿ ತೂರಿಹೋಗುತ್ತವೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೂ ಅಷ್ಟೇ. ಅದರ ಮೇಲೆ ಹತ್ತಿಗೆ ನೀರು ಅಂದರೆ ಇಷ್ಟ. ಡೀಸೆಲ್ಲಿಗಿಂತ ಮೊದಲು ನೀರು ತಾಗಿದ ಜಾಗದಲ್ಲಿ ಬಟ್ಟೆಯೇ ನೀರು ಹೀರಿ ಕೆಳಗೆ ಇಳಿಸುತ್ತದೆ. ಸಾಲದ್ದಕ್ಕೆ ಹಳೆ ಬಟ್ಟೆಯ ನೂಲು ಉದುರಿ ಟ್ಯಾಂಕ್ ಸೇರುತ್ತದೆ. ನೀರು ತೆಗೆಯಲು ಹೋಗಿ ಕಸ ಹಾಕಿದ ಹಾಗಾಯಿತು.

ನನ್ನ ಮಾತು ನಂಬಬೇಡಿ, ಮಾಡಿಯೇ ನೋಡಿ. ಬಣ್ಣವಿಲ್ಲದ ಎರಡು ಗಾಜಿನ ಬಾಟಲಿ ತಗೊಳ್ಳಿ. ಒಂದರಲ್ಲಿ ಅರ್ಧ ಲೀಟರ್ ಡೀಸೆಲ್ ಹಾಕಿ. ಎರಡು ಚಮಚ ನೀರಿಗೆ ಮಕ್ಕಳ ಫೌಂಟನ್ ಪೆನ್ನಿನ ನೀಲಿ ಶಾಯಿ ಒಂದು ಹನಿ ಬೆರೆಸಿ ಅದಕ್ಕೆ ಸುರಿಯಿರಿ. ಆ ಶಾಯಿ ನೀರಿನಲ್ಲಿ ಕರಗುತ್ತದೆ, ಡೀಸೆಲ್ಲಿನಲ್ಲಿ ಕರಗುವುದಿಲ್ಲ. ಮುಚ್ಚಳ ಹಾಕಿ ಒಂದು ನಿಮಿಷ ಜೋರಾಗಿ ಕುಲುಕಿ. ಕೂಡಲೇ ನಿಮ್ಮ ಪ್ರೀತಿಯ ಬಟ್ಟೆಯಲ್ಲಿ ಸೋಸಿ ಎರಡನೇ ಬಾಟಲಿಗೆ ಇಳಿಸಿ. ಬೆಳಕಿಗೆ ಹಿಡಿದರೆ ಡೀಸೆಲ್ ಮಬ್ಬಾಗಿ ಕಾಣುತ್ತದೆ. ಆ ಮಬ್ಬೇ ನೀರು. ರಾತ್ರಿ ಅಲುಗಾಡಿಸದೆ ಇಟ್ಟು ಬೆಳಿಗ್ಗೆ ತಳ ನೋಡಿ. ಒಲೆ, ಬೀಡಿ, ಸಿಗರೇಟು ಇರುವ ಕಡೆ ಈ ಕೆಲಸ ಬೇಡ. ಉಳಿದದ್ದನ್ನು ಬಾವಿಯ ಹತ್ತಿರ ಚೆಲ್ಲಲೂ ಬೇಡಿ.

ಕೆಲವರು ಇಲ್ಲಿಗೆ ಬಟ್ಟೆ ಬಿಟ್ಟು ಮೈಕ್ರಾನ್ ಹಿಡಿಯುತ್ತಾರೆ. "ಹಾಗಾದ್ರೆ 5 ಮೈಕ್ರಾನ್ ಫಿಲ್ಟರ್ ಹಾಕಿದ್ರೆ 10 ಮೈಕ್ರಾನ್ ಹನಿ ನಿಲ್ಲಲೇಬೇಕಲ್ವಾ?" ಲೆಕ್ಕ ಚೆನ್ನಾಗಿದೆ. ಆದರೆ ಹನಿ ಕಲ್ಲಲ್ಲ. ಮರಳಿನ ಕಣ ಸಂದಿಗಿಂತ ದೊಡ್ಡದಾದರೆ ಸಿಕ್ಕಿಹಾಕಿಕೊಳ್ಳುತ್ತದೆ. ನೀರಿನ ಹನಿ ಹಿಂದಿನಿಂದ ಒತ್ತಡ ಬಿದ್ದರೆ ಉದ್ದವಾಗಿ ಎಳೆದುಕೊಂಡು ತೂರುತ್ತದೆ. ಸಾದಾ ಪೇಪರ್ ನೀರು ಕುಡಿದು ಉಬ್ಬುವುದೂ ಉಂಟು. ಆಗ ಡೀಸೆಲ್ ಸರಿಯಾಗಿ ಹರಿಯುವುದಿಲ್ಲ, ಗಾಡಿ ಎಳೆಯುವುದಿಲ್ಲ. ಬೈಯಿಸಿಕೊಳ್ಳುವುದು ಮಾತ್ರ ಬಂಕಿನವರು.

ಸೆಪರೇಟರ್ ಮಾಡುವ ಕೆಲಸವೇ ಬೇರೆ. ಅದು ಸಣ್ಣ ಹನಿಗಳನ್ನು ಹತ್ತಿರ ತಂದು, ಒಂದಕ್ಕೊಂದು ಕೂಡಿಸಿ ದೊಡ್ಡದು ಮಾಡುತ್ತದೆ. ದೊಡ್ಡ ಹನಿ ಭಾರಕ್ಕೆ ಕೆಳಗಿಳಿಯುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಡೀಸೆಲ್ ತೂಗುವುದು ಸುಮಾರು 830 ಗ್ರಾಂ. ಕೆಲವು ಸೆಪರೇಟರುಗಳ ಪೇಪರಿಗೆ ನೀರು ಅಂಟದ ಲೇಪ ಇರುತ್ತದೆ. ಹನಿ ಅದರ ಹೊರಗೇ ನಿಂತು, ಜಾರಿ, ಬಟ್ಟಲಿಗೆ ಬೀಳುತ್ತದೆ.

ಹನಿ ದೊಡ್ಡದಾಗಲೇಬೇಕು, ಯಾಕೆಂದರೆ ಇಳಿಯುವ ವೇಗ ಹನಿಯ ಗಾತ್ರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಗಾತ್ರ ಹತ್ತು ಪಟ್ಟಾದರೆ ವೇಗ ನೂರು ಪಟ್ಟು. 100 ಮೈಕ್ರಾನಿನ ಹನಿ ಡೀಸೆಲ್ಲಿನಲ್ಲಿ ಗಂಟೆಗೆ ಹತ್ತಿರಹತ್ತಿರ ಒಂದು ಮೀಟರ್ ಇಳಿಯುತ್ತದೆ. 10 ಮೈಕ್ರಾನಿನದು ಗಂಟೆಗೆ ಒಂದು ಸೆಂಟಿಮೀಟರ್. ಅಂದರೆ ತುಂಬಿದ ಬ್ಯಾರಲ್ಲಿನ ಮೇಲಿನಿಂದ ತಳ ಮುಟ್ಟಲು ಅದಕ್ಕೆ ಮೂರು ದಿನವಾದರೂ ಬೇಕು. "ಬೆಳಿಗ್ಗೆ ತಂದೆ, ಮಧ್ಯಾಹ್ನ ಹಾಕಿದೆ, ನೀರು ಕೂತಿರುತ್ತೆ ಬಿಡಿ" ಅನ್ನುವವರು ಈ ಲೆಕ್ಕ ನೆನಪಿಡಿ. ನನ್ನ ಹತ್ತಿರ ಕಲಿತ ಹುಡುಗರಿಗೆ ನಾನು ಸ್ಪಾನರ್ ಕೊಡುವ ಮೊದಲು ಇದನ್ನೇ ಬಾಯಿಪಾಠ ಮಾಡಿಸುತ್ತೇನೆ.

ಸೆಪರೇಟರನ್ನು ಸಾಮಾನ್ಯವಾಗಿ ಟ್ಯಾಂಕಿಗೂ, ಅದರಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೂ ನಡುವೆ ಕೂರಿಸುವುದೂ ಇದೇ ಕಾರಣಕ್ಕೆ. ಪಂಪ್ ದಾಟಿದ ಮೇಲೆ ನೀರು ಇನ್ನೂ ಸಣ್ಣಗೆ ಒಡೆದಿರುತ್ತದೆ, ಹಿಡಿಯುವುದು ಕಷ್ಟ. ಆದರೆ ಅಲ್ಲಿ ಒಂದು ತೊಂದರೆ ಇದೆ. ಆ ಭಾಗ ಡೀಸೆಲ್ ಎಳೆದುಕೊಳ್ಳುವ ಕಡೆ. ಪೈಪಿನ ಜಾಯಿಂಟ್ ಸಡಿಲವಾದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ಕೆಳಗೆ ಬಿದ್ದಿರುವುದಿಲ್ಲ, ಗಾಡಿ ಮಾತ್ರ ಪದೇ ಪದೇ ನಿಲ್ಲುತ್ತದೆ. ಆಮೇಲೆ ಏರ್ ತೆಗೆಯುತ್ತಾ ಕೂರಬೇಕು. ಹಾಗಾಗಿ ಸಿಕ್ಕಿದ ಸೆಪರೇಟರ್ ತಂದು ಕ್ಲಿಪ್ ಬಿಗಿಯಬೇಡಿ. ನಿಮ್ಮ ಎಂಜಿನ್ನಿಗೆ ಬೇಕಾದಷ್ಟು ಡೀಸೆಲ್ ಬಿಡುವಂಥದ್ದೇ ಆಗಬೇಕು.

ಮನೆಯಲ್ಲಿ ಹೋಲಿಸುವುದು ಹೇಗೆ ಅಂತ ಕೇಳಿದ್ದಿರಿ. ಬದಲಾಯಿಸಿ ಬಿಸಾಕುವ ಹಳೆಯ ಫಿಲ್ಟರ್ ಒಂದು, ಹಳೆಯ ಸೆಪರೇಟರ್ ಒಂದು ಹುಡುಕಿ. ಡೀಸೆಲ್ ಪೂರ್ತಿ ಬಸಿದು, ಹ್ಯಾಕ್ಸಾ ಬ್ಲೇಡಿನಲ್ಲಿ ಕೈಯಿಂದಲೇ ಕೊಯ್ಯಿರಿ. ಗ್ರೈಂಡರ್ ಹಚ್ಚಬೇಡಿ, ಕಿಡಿ ಹಾರುತ್ತದೆ. ಎರಡರ ಪೇಪರಿನಲ್ಲೂ ಸ್ವಚ್ಛವಾಗಿರುವ ಕಡೆ ಒಂದೊಂದು ತುಂಡು ಕತ್ತರಿಸಿ ಒಳ್ಳೆ ಡೀಸೆಲ್ಲಿನಲ್ಲಿ ಅದ್ದಿ. ಮೇಲೆ ಶಾಯಿ ನೀರಿನ ಹನಿ ಬಿಡಿ. ನೀರು ಅಂಟದ ಲೇಪ ಇದ್ದರೆ ಹನಿ ಗುಂಡಗೆ ಉರುಳಾಡುತ್ತದೆ. ಸಾದಾ ಪೇಪರಿನಲ್ಲಿ ಅದು ನಿಧಾನಕ್ಕೆ ಹರಡಿ ಇಂಗಬಹುದು. ಪೇಪರಿನ ಸ್ವಭಾವ ಇಷ್ಟರಿಂದ ಅಂದಾಜಿಗೆ ಸಿಗುತ್ತದೆ. ಎಂಜಿನ್ ಓಡುವಾಗ ಎಷ್ಟು ನೀರು ಹಿಡಿಯುತ್ತದೆ ಅನ್ನುವುದಕ್ಕೆ ಲ್ಯಾಬಿನ ಪರೀಕ್ಷೆಯೇ ಬೇಕು. ಈ ಮನೆ ಪರೀಕ್ಷೆ ಮಾಡಿ "ಈ ಕಂಪನಿಯದು ಒಳ್ಳೆಯದು, ಆ ಕಂಪನಿಯದು ಡೂಪ್ಲಿಕೇಟ್" ಅಂತ ತೀರ್ಪು ಕೊಡಬೇಡಿ.

ಕೊಯ್ದ ಫಿಲ್ಟರಿನ ತಳವನ್ನೂ ನೋಡಿ. ಕಂದು ಪುಡಿ ಇದ್ದರೆ ಎಲ್ಲೋ ತುಕ್ಕು ಹಿಡಿದಿದೆ. ಲೋಳೆಯಂಥ ಕಪ್ಪು ಪದಾರ್ಥ ಸಿಕ್ಕರೆ ಟ್ಯಾಂಕಿನೊಳಗೆ ಜೀವಿಗಳು ಬೆಳೆದಿರಬಹುದು. ತಮಾಷೆಯಲ್ಲ. ನೀರು ಮತ್ತು ಡೀಸೆಲ್ ಕೂಡುವ ಜಾಗದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಎರಡೂ ಬೆಳೆಯುತ್ತವೆ. ಅವಕ್ಕೆ ಡೀಸೆಲ್ಲೇ ಊಟ.

ಹಳೆ ಎಂಜಿನ್ ಇರುವವರು "ನಮ್ಮಪ್ಪನ ಕಾಲದಿಂದ ಹೀಗೇ ಓಡಿದೆ" ಅನ್ನುತ್ತಾರೆ. ಓಡಿರಬಹುದು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಹಳೆ ನಾಜಲ್ ತೆರೆಯುತ್ತಿದ್ದದ್ದು 200 ಬಾರ್ ಆಸುಪಾಸಿನ ಒತ್ತಡಕ್ಕೆ. ಈಗಿನ ಕಾಮನ್ ರೈಲ್‌ನಲ್ಲಿ, ಅಂದರೆ ಎಲ್ಲ ನಾಜಲ್‌ಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ ಏರ್ಪಾಡಿನಲ್ಲಿ, ಒತ್ತಡ 1600 ಬಾರ್ ದಾಟುತ್ತದೆ. ಒಳಗಿನ ಭಾಗಗಳ ನಡುವಿನ ಸಂದು ಬರೀ ಎರಡು ಮೂರು ಮೈಕ್ರಾನ್. ಅಲ್ಲಿ ಜಾರಿಕೆ ಕೊಡುವುದು ಡೀಸೆಲ್ ಮಾತ್ರ, ನೀರು ಬಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ. 2023ರ ಜನವರಿಯಲ್ಲಿ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಅನ್ನುವ ಹೊಗೆ ನಿಯಮ ಬಂದ ಮೇಲೆ ಹೊಲದಲ್ಲೂ ಕಾಮನ್ ರೈಲ್ ಜಾಸ್ತಿಯಾಗಿದೆ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ಲೈಟ್ ಬಂದರೆ ಎಂಜಿನ್ ನಿಲ್ಲಿಸಿ, ಡ್ರೈನ್ ತಿರುಗಿಸಿ, ಸ್ವಚ್ಛ ಡೀಸೆಲ್ ಬರುವವರೆಗೆ ಬಿಡಿ. ಟೇಪ್ ಅಂಟಿಸಿ ಆ ಲೈಟ್ ಮುಚ್ಚಿದವರೂ ಇದ್ದಾರೆ, ಅವರಿಗೆ ನಾನು ಏನೂ ಹೇಳುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಕೇಳಿಲ್ಲ. ಕೇಳಬೇಕಿತ್ತು. ನೀರು ಬಂದದ್ದು ಎಲ್ಲಿಂದ? ಎಲ್ಲರ ಬೆರಳೂ ಬಂಕಿನ ಕಡೆಗೇ. ಬಿಎಸ್ 6 ಮಾಲಿನ್ಯ ನಿಯಮದ ಡೀಸೆಲ್ಲಿನಲ್ಲಿ, ಅಂದರೆ ಈಗ ಬಂಕಿನಲ್ಲಿ ಸಿಗುವುದರಲ್ಲಿ, ಕಿಲೋಗೆ 200 ಮಿಲಿಗ್ರಾಂವರೆಗೆ ನೀರು ಇರಲು ನಿಯಮದಲ್ಲೇ ಅವಕಾಶ ಇದೆ. 200 ಲೀಟರ್ ಬ್ಯಾರಲ್ಲಿಗೆ ಲೆಕ್ಕ ಹಾಕಿದರೆ ಹೆಚ್ಚೆಂದರೆ ಮೂವತ್ತು ಚಿಲ್ಲರೆ ಗ್ರಾಂ. ನಿಮ್ಮ ಬ್ಯಾರಲ್ಲಿನ ತಳದಲ್ಲಿ ಚೊಂಬುಗಟ್ಟಲೆ ನೀರು ಸಿಕ್ಕರೆ, ಬಂಕಿನ ಮೇಲೆ ಜಗಳಕ್ಕೆ ಹೋಗುವ ಮೊದಲು ಬ್ಯಾರಲ್ ಎಲ್ಲಿ, ಹೇಗೆ ಇಟ್ಟಿದ್ದೀರಿ ನೋಡಿ.

ಮಲೆನಾಡಿನಲ್ಲಿ ಅಡಿಕೆ ಶೆಡ್ಡಿನ ಪಕ್ಕ, ಸೂರಿನ ಹೊರಗೆ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ ಎಷ್ಟು ಬೇಕಾದರೂ ಕಾಣುತ್ತವೆ. ಬ್ಯಾರಲ್ಲಿನ ಮೇಲ್ಭಾಗಕ್ಕೆ ಸುತ್ತ ಅಂಚು ಇರುತ್ತದೆ. ಮಳೆ ನೀರು ಅಲ್ಲೇ ನಿಲ್ಲುತ್ತದೆ, ಬಿರಡೆ ಮುಳುಗುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ತಿರುಪಿನ ಸಂದಿನಲ್ಲಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಬ್ಯಾರಲ್ ಒಳಗೆ ಎಳೆದುಕೊಳ್ಳುತ್ತದೆ. ಆಗ ಬಿರಡೆಯ ಮೇಲೆ ಇರುವುದು ಗಾಳಿಯಲ್ಲ, ನೀರು. ಬಿರಡೆ ಎಷ್ಟೇ ಬಿಗಿಯಾಗಿ ಕಂಡರೂ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ.

ಬ್ಯಾರಲ್ಲನ್ನು ಸೂರಿನಡಿಗೆ ತನ್ನಿ. ಜಾಗ ಇಲ್ಲದಿದ್ದರೆ ಅಡ್ಡ ಮಲಗಿಸಿ, ಎರಡೂ ಬಿರಡೆ ಒಂದೇ ಮಟ್ಟದಲ್ಲಿ ಎಡಕ್ಕೊಂದು ಬಲಕ್ಕೊಂದು ಬರುವ ಹಾಗೆ. ಒಳಗಿನ ಡೀಸೆಲ್ ಬಿರಡೆಗಿಂತ ಮೇಲಿದ್ದರೆ ಗಾಳಿಯೂ ಒಳಗೆ ಬರುವುದಿಲ್ಲ, ನೀರೂ ಬರುವುದಿಲ್ಲ. ನಿಲ್ಲಿಸಲೇಬೇಕಾದರೆ ಒಂದು ಬದಿಗೆ ಇಟ್ಟಿಗೆ ಕೊಟ್ಟು ವಾಲಿಸಿ, ಬಿರಡೆಗಳು ನಿಂತ ನೀರಿಗೆ ಸಿಗದ ಹಾಗೆ. ಎಳೆಯುವ ಪೈಪನ್ನು ತಳಕ್ಕೆ ಮುಟ್ಟಿಸಬೇಡಿ, ನಾಲ್ಕು ಬೆರಳು ಮೇಲಿರಲಿ. ಸಂಜೆ ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರ್ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗ ಕಮ್ಮಿ ಇದ್ದಷ್ಟು ರಾತ್ರಿ ಒಳಗೆ ಇಬ್ಬನಿ ಕಟ್ಟುವುದೂ ಕಮ್ಮಿ.